ಪುಟ ನಾಲ್ಕರ ಸೇತುವೆ

“ಸಾರ್, ಇಲ್ಲಿ ಸೇತುವೆ ಇಲ್ಲ.”

ಪರೀಕ್ಷೆಯ ಕೋಣೆ ತಟ್ಟನೆ ತಣ್ಣಗಾಯಿತು. ದೊಡ್ಡ ಮೇಜಿನ ಮೇಲೆ ಮರಳಿನ ಗುಡ್ಡ, ಅದರ ಮುಂದೆ ನೀಲಿ ಪುಡಿಯನ್ನು ದಪ್ಪಗೆ ಸುರಿದು ಮಾಡಿದ ನದಿ, ಈಚೆ ದಡದಲ್ಲಿ ಬೆರಳುದ್ದದ ಹತ್ತು ಮರದ ಸೈನಿಕರು. ಅವರನ್ನು ಗುಡ್ಡ ಮುಟ್ಟಿಸಬೇಕು. ವಿಷಯ: ಸ್ವಂತ ಬುದ್ಧಿಯಿಂದ ನಿರ್ಧಾರ. ಹೋದ ಸಲ ಬಾಯಿಯನ್ನೇ ಬಿಡದೆ ಫೇಲಾಗಿದ್ದ ಹುಡುಗಿ ಈ ಸಲ ಬಾಯಿ ಬಿಟ್ಟಿದ್ದಳು. ಇನ್ನೊಮ್ಮೆ ಫೇಲಾದರೆ ಅಕಾಡೆಮಿಯಿಂದ ನೇರ ಮನೆಗೆ.

ಮೇಜರ್ ಸಾಹೇಬರು ಫೈಲು ತಿರುವಿದರು. “ಯಾಕಿಲ್ಲಮ್ಮಾ? ಪುಟ ನಾಲ್ಕು. ಸರಿಯುತ್ತರ, ಸೇತುವೆ ದಾಟುವುದು.”

“ಫೈಲಲ್ಲಿ ಇರಬಹುದು ಸಾರ್. ಮರಳಲ್ಲಿಲ್ಲ. ಎಡಗಡೆ ನದಿ ಬತ್ತಿದೆ, ಸುತ್ಕೊಂಡು ಹೋದ್ರೆ...”

“ನಿನಗಿಂತ ಮುಂಚೆ ಹನ್ನೊಂದು ಜನ ದಾಟಿಸಿದ್ರಲ್ಲ, ಅವರಿಗೇನು ಕಣ್ಣಿರಲಿಲ್ವಾ?”

ಅವಳು ಸೈನಿಕರನ್ನು ನೋಡಿದಳು. ಹತ್ತೂ ಜನ ಕುತ್ತಿಗೆಯವರೆಗೆ ನೀಲಿ.

ಸಾಹೇಬರು ಕೆಟ್ಟವರೇನಲ್ಲ. ದನಿ ತಗ್ಗಿಸಿದರು. “ನೋಡು, ನನಗೂ ನಿನ್ನ ವಯಸ್ಸಿನ ಮಗಳಿದ್ದಾಳೆ. ಇನ್ನೊಂದ್ಸಲ ಯೋಚನೆ ಮಾಡು. ಸ್ವಂತ ಬುದ್ಧಿ ಉಪಯೋಗಿಸು.” ಹಾಗೆನ್ನುತ್ತಾ ಪುಟ ನಾಲ್ಕನ್ನು ಅವಳ ಕಡೆಗೆ ತಿರುಗಿಸಿ ಹಿಡಿದರು.

ಪದವಿ ಪ್ರದಾನದ ದಿನಕ್ಕೆಂದು ಅಮ್ಮ ಆಗಲೇ ಹೊಸ ಚಪ್ಪಲಿ ತಂದಿಟ್ಟುಕೊಂಡಿದ್ದಳು. ಹುಡುಗಿ ಅಂಗೈ ಅಡ್ಡ ಹಿಡಿದು ಹತ್ತೂ ಜನರನ್ನು ನದಿಯೊಳಕ್ಕೆ ನೂಕಿದಳು. ಪುಡಿಯೊಳಗೆ ಮುಳುಗಿ, ಎದ್ದು, ಆಚೆ ದಡದಲ್ಲಿ ಅಡ್ಡಾದಿಡ್ಡಿ ಬಿದ್ದರು.

“ಶಭಾಷ್! ಈಗ ಆಫೀಸರ್ ಆದೆ ನೋಡು.”

ಎಲ್ಲರೂ ಹೊರಟ ಮೇಲೆ ಮರಳು ಹಾಸುವ ಅಜ್ಜ ಬಕೆಟ್ ತಂದು ಸೈನಿಕರನ್ನು ಒಬ್ಬೊಬ್ಬರನ್ನಾಗಿ ತೊಳೆಯತೊಡಗಿದ. ಅವಳು ಬಾಗಿಲಲ್ಲೇ ನಿಂತಿದ್ದಳು.

“ಸೇತುವೆ ಏನಾಯ್ತು ಅಜ್ಜಾ?”

“ಮುರಿದು ಎರಡು ವರ್ಷ ಆಯ್ತಮ್ಮಾ. ಹೇಳ್ದೆ. ಫೈಲಲ್ಲಿ ಇದೆಯಲ್ಲ, ಸಾಕು ಅಂದ್ರು.” ಒಬ್ಬನ ಮುಖವನ್ನು ಹೆಬ್ಬೆರಳಿನಿಂದ ಉಜ್ಜಿದ. “ದಿನಾ ಮುಳುಗ್ತಾರೆ, ದಿನಾ ತೊಳೀತೀನಿ. ಪುಣ್ಯಕ್ಕೆ ಮರದವರು.”

ಹೊರಗೆ ಯಾರೋ ಹೊಸ ಆಫೀಸರಿಗೆ ಸೆಲ್ಯೂಟ್ ಹೊಡೆದರು. ಮರುಸೆಲ್ಯೂಟ್ ಹೊಡೆಯಲು ಅವಳು ಕೈ ಎತ್ತಿದಳು. ಅಂಗೈ ಪೂರ್ತಿ ನೀಲಿಯಾಗಿತ್ತು.