ಮೋಟಾರಿಗೆ ಬಾರದ ಹಾಡು

“ಹಾಡಿದ್ರೆ ಹೊಟ್ಟೆ ತುಂಬುತ್ತಾ ಭಾವ? ಸಾಕು, ಬಾಯಿ ಮುಚ್ಚಿ!” ದರ್ಜಿಯ ಹೊಲಿಗೆ ಮಿಷನ್ನಿಗೆ ತಾನೇ ತಂದ ಮೋಟಾರು ಜೋಡಿಸಿ, ಭಾವಮೈದುನ ಸ್ವಿಚ್ ಒತ್ತಿದ. ಗರ್ರೆನ್ನುವ ಸದ್ದಿಗೆ ದರ್ಜಿಯ ಹಳೆಯ ಹಾಡು ಅರ್ಧಕ್ಕೇ ನಿಂತಿತು.

“ತೆಗಿಯೋ ಇದನ್ನ! ನನ್ನ ಹಾಡು ನನಗೇ ಕೇಳಿಸ್ತಿಲ್ಲ,” ಎಂದು ದರ್ಜಿ ರೇಗಿದ. ಪಲ್ಲವಿಗೆ ಅಂಗಿಯ ಒಂದು ತೋಳು, ಚರಣಕ್ಕೊಂದು ಪಕ್ಕೆ. ಮದುವೆಗೂ ಮುಂಚಿನಿಂದ ಅವನು ಪೆಡಲು ತುಳಿದದ್ದೇ ಹಾಗೆ.

“ನಾಲ್ಕು ಅಂಗಿ ಆಗೋ ಹೊತ್ತಿಗೆ ಎರಡು ಹೊಲೀತಾರೆ. ನೀನಾದ್ರೂ ಹೇಳಕ್ಕಾ!”

ತಮ್ಮನ ಕೈಲಿ ಮೋಟಾರು ತರಿಸಿದವಳೇ ಅಕ್ಕ. ಮೂಲೆಯಲ್ಲಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದವಳ ಸೂಜಿ, ಹಾಡು ನಿಂತಲ್ಲೇ ನಿಂತಿತ್ತು. ಅವಳು ಸೂಜಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಎದ್ದು ಹೋಗಿ ವೈರು ಕಿತ್ತಳು.

“ಬಿಚ್ಕೊಂಡು ಹೋಗೋ ಮಾರಾಯ. ಇದರ ಸದ್ದಿಗೆ ನನ್ನ ಕೈಯೂ ಓಡಲ್ಲ,” ಎಂದವಳೇ, ಗಂಡ ಬಿಟ್ಟಿದ್ದ ಹಾಡಿನ ಸಾಲನ್ನು ತಾನು ಎತ್ತಿಕೊಂಡಳು. ಇಷ್ಟು ವರ್ಷದಲ್ಲಿ ಅವಳು ಹಾಡಿದ್ದನ್ನು ದರ್ಜಿ ಕೇಳಿಯೇ ಇರಲಿಲ್ಲ.

“ಇಬ್ಬರಿಗೂ ತಲೆ ಕೆಟ್ಟಿದೆ!” ಭಾವಮೈದುನ ಮೋಟಾರು ಬಿಚ್ಚಿ, ಕಂಕುಳಲ್ಲಿ ಇರುಕಿಕೊಂಡು ಹೊರನಡೆದ. ದರ್ಜಿ ಹಳೆಯ ಬೆಲ್ಟನ್ನು ಚಕ್ರಕ್ಕೆ ಏರಿಸಿ, ಅವಳ ದನಿಗೆ ಪಾದ ಕೊಟ್ಟ. ಹೋದವನು ತಿರುಗಿ ಬರಲಿಲ್ಲ. ಅವನು ಹೋದದ್ದು ಇಬ್ಬರ ಗಮನಕ್ಕೂ ಬಂದದ್ದು ಅಂಗಿಯ ಪಕ್ಕೆ ಮುಗಿದ ಮೇಲೆಯೇ.