ಬಾಜೂ ಮನೆಯ ಗಿರಾಕಿ

ಫಕ್ಕೀರೇಶ ಪಕ್ಕದ ಮನೆಯ ಬೀಗ ತೆಗೆದು ಗಿರಾಕಿಗೆ ಅಡುಗೆಮನೆ ತೋರಿಸುತ್ತಿದ್ದಾಗ ಅವನ ಹೆಂಡತಿ ಜಯಶ್ರೀ ಹೇಳದೆ ಕೇಳದೆ ಚಹಾ ತಂದಳು. ಇಂಥದ್ದು ಹಿಂದೆಂದೂ ಆಗಿರಲಿಲ್ಲ. ಶಿಗ್ಗಾಂವದಲ್ಲಿ ಅವನು ಮನೆ, ಪ್ಲಾಟು ಮಾರುವ ಏಜೆಂಟನಾದಾಗಿನಿಂದ ಅವಳ ಪಾಲಿಗೆ ಗಿರಾಕಿಗಳೆಂದರೆ ಸಾರಿಸಿದ ಅಂಗಳಕ್ಕೆ ಚಪ್ಪಲಿ ಮಣ್ಣು ತರುವ ಮಂದಿ, ಅಷ್ಟೇ. ಇವತ್ತು ನೋಡಿದರೆ ಸ್ಟೀಲಿನ ಲೋಟ ಬಿಟ್ಟು ಕಪಾಟಿನೊಳಗಿನ ಹೂವಿನ ಚಿತ್ರದ ಕಪ್ಪು-ಬಸಿ ಹೊರಗೆ ಬಂದಿದ್ದವು.

ಗಿರಾಕಿಯ ಹೆಸರು ಶರಣು. ಊರಿನ ಕಾಲೇಜೊಂದಕ್ಕೆ ಹೊಸದಾಗಿ ಬಂದಿದ್ದ ಮಾಸ್ತರ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಚಹಾ ಕೊಟ್ಟು ಒಳಗೆ ಹೋಗಬೇಕಾದ ಜಯಶ್ರೀ ಹೋಗಲಿಲ್ಲ. ನಳದ ನೀರು ಬೆಳಿಗ್ಗೆ ತಪ್ಪದೆ ಬರುತ್ತದೆ, ಓಣಿಯ ಮಂದಿ ಒಳ್ಳೆಯವರು, ಈ ಅಡುಗೆಮನೆ ಕಿಟಕಿ ತೆಗೆದರೆ ಫ್ಯಾನೇ ಬೇಡ ಎಂದೆಲ್ಲ ಹೇಳುತ್ತ ನಿಂತಳು. ಫಕ್ಕೀರೇಶ ಹೇಳಬೇಕಾದದ್ದನ್ನೆಲ್ಲ ಅವಳೇ ಹೇಳಿ ಮುಗಿಸಿದಳು, ಅದೂ ಅವನಿಗಿಂತ ಚೆನ್ನಾಗಿ. ಶರಣು ಮನೆ ಮನಸ್ಸಿಗೆ ಬಂತೆಂದ. ಗುರುವಾರ ಬಂದು ಸಂಚಕಾರದ ಮುಂಗಡ ಹಣ ಕೊಟ್ಟು ಮಾತು ಗಟ್ಟಿ ಮಾಡುತ್ತೇನೆಂದು ಹೇಳಿ ಹೋದ.

ಹಾನಗಲ್ಲಿಗೆ ಹೋಗಿ ನೆಲೆಸಿದ ಹಯಾತ ತನ್ನ ಈ ಮನೆಯನ್ನು ಮಾರಿಕೊಡು ಎಂದು ಫಕ್ಕೀರೇಶನಿಗೆ ಒಪ್ಪಿಸಿ ವರ್ಷವಾಗುತ್ತ ಬಂದಿತ್ತು. ಇಷ್ಟು ಸಲೀಸಾಗಿ ಗಿರಾಕಿ ಕುದುರಿದ್ದಕ್ಕೆ ಅವನು ಕುಣಿಯಬೇಕಿತ್ತು. ಆದರೆ ಊಟಕ್ಕೆ ಕುಳಿತಾಗ ಬಾಯಿಗೆ ಬಂದದ್ದೇ ಬೇರೆ: ಆ ಮಾಸ್ತರ ನಿನಗೆ ಗುರುತೇ ಎಂದು ಕೇಳಿದ.

ಜಯಶ್ರೀ ರೊಟ್ಟಿ ನೀಡುತ್ತ ನಕ್ಕಳು. "ನಿಮ್ಕಿಂತ ಮೊದ್ಲ ನನ್ನ ನೋಡಾಕ ನಮ್ಮ ತವರಮನಿ ರಟ್ಟೀಹಳ್ಳಿಗೆ ಬಂದಿದ್ರು. ಅವ್ರಿಗೂ ಗುರ್ತ ಹತ್ತಿರಬೇಕು."

"ಮತ್ತ ಯಾಕ ಆಗ್ಲಿಲ್ಲ?"

"ಆಗ್ಲಿಲ್ಲ, ಅಷ್ಟ. ಈಗ ಬಾಜೂಕ ಬಂದಿರ್ಲಿ ಬಿಡ್ರಿ. ದಿನಾ ನೋಡ್ಲಿ."

ಏನನ್ನು ನೋಡಬೇಕು, ಯಾರನ್ನು ನೋಡಬೇಕು? ಮಗಳು ಹೈಸ್ಕೂಲಿಗೆ ಹೋಗುವಷ್ಟು ದೊಡ್ಡವಳಾದಳು, ತನಗೆ ಒಂದು ದಿನವಾದರೂ ಹೂವಿನ ಕಪ್ಪಿನಲ್ಲಿ ಚಹಾ ಕೊಟ್ಟಿದ್ದಾಳೆಯೇ? ಕೈ ತೊಳೆಯಲು ಹಿತ್ತಲಿಗೆ ಹೋದವನ ಕಣ್ಣಿಗೆ ಬಿದ್ದದ್ದು ಆ ಮನೆಯ ಅಡುಗೆಮನೆ ಕಿಟಕಿ. ಬಂದ ಗಿರಾಕಿಗಳಿಗೆಲ್ಲ ಅದನ್ನು ಹೊಗಳಿ ಹೊಗಳಿ ತೋರಿಸಿದವನು ಅವನೇ. ಈಗ ಅದು ಜಯಶ್ರೀ ಬಟ್ಟೆ ಒಗೆಯುವ ಕಲ್ಲಿಗೇ ನೇರ ಕಣ್ಣಿಟ್ಟು ಕೂತಂತೆ ಕಂಡಿತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ. ಬುಧವಾರ ಅವಳು ತಮ್ಮ ಅಂಗಳದ ಜೊತೆಗೆ ಆ ಮನೆಯ ಮುಂದೂ ಕಸ ಹೊಡೆದು ನೀರು ಚಿಮುಕಿಸಿ ರಂಗೋಲಿ ಹಾಕಿದಳು. ಫಕ್ಕೀರೇಶ ಅದನ್ನು ತುಳಿದುಕೊಂಡೇ ಹೊರಗೆ ಹೋದ.

ಗುರುವಾರ ಶರಣುವನ್ನು ಅವನು ಓಣಿಯ ತನಕ ಬರಗೊಡಲಿಲ್ಲ. ಹೆದ್ದಾರಿ ಪಕ್ಕದ ಚಹಾದಂಗಡಿಯಲ್ಲೇ ತಡೆದು ಕೂರಿಸಿದ. ಕಾಲೇಜು, ಬಸ್ಸು, ಬಿಸಿಲು ಎಂದು ಸುತ್ತಿ ಬಳಸಿ ಕೊನೆಗೆ ಕೇಳಿಯೇಬಿಟ್ಟ.

"ನೀವು ಯಾವಾಗರ ರಟ್ಟೀಹಳ್ಳಿಗೆ ಹೋಗಿದ್ರೇನ್ರಿ ಸರ?"

ಶರಣು ನೆನಪು ಮಾಡಿಕೊಂಡ. "ಹಿಂದ ಒಮ್ಮೆ ಹೋಗಿದ್ದೆ ಅನಸ್ತೈತ್ರಿ. ಕದಂಬೇಶ್ವರ ಗುಡಿ ನೋಡಿದ್ದು ನೆನಪೈತಿ. ಯಾಕ್ರಿ?"

ಗುಡಿ ನೆನಪಿದೆಯಂತೆ, ಹುಡುಗಿ ನೆನಪಿಲ್ಲವಂತೆ. ಜಯಶ್ರೀಯನ್ನು ನೋಡಿದವನು ಮರೆಯುವುದುಂಟೇ, ಎಲ್ಲ ನಾಟಕ ಎಂದುಕೊಂಡ ಫಕ್ಕೀರೇಶ. ಏಜೆಂಟನಾದ ಮೇಲೆ ಮೊದಲ ಸಲ ಗಿರಾಕಿಯ ಮುಂದೆ ಮನೆಯ ಕುಂದು ಹೇಳಿದ. ಇದ್ದದ್ದು ಸಾಲದಾದಾಗ ಇಲ್ಲದ್ದನ್ನೂ ಸೇರಿಸಿದ. ಬೇಸಿಗೆಯಲ್ಲಿ ನಳ ಬರೀ ಗಾಳಿ ಬಿಡುತ್ತದೆ, ಹಿಂದಿನ ಗೋಡೆ ಸೋರುತ್ತದೆ, ಲಾರಿಗಳ ಸದ್ದಿಗೆ ಕಣ್ಣು ಹತ್ತುವುದಿಲ್ಲ, ಈಶಾನ್ಯ ಮೂಲೆಯಂತೂ ಕೇಳಲೇಬೇಡಿ. ಶರಣು ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದ. ಇಷ್ಟು ಖರೆ ಮಾತಾಡುವ ಏಜೆಂಟರು ಎಲ್ಲಿ ಸಿಗುತ್ತಾರೆ ಎಂದು ಕೈಮುಗಿದು, ಸವಣೂರು ರಸ್ತೆಯಲ್ಲಿ ಇನ್ನೊಂದು ಮನೆ ನೋಡಲು ಎದ್ದು ಹೋದ. ಕೈಗೆ ಬಂದ ದಲಾಲಿ ಹೋಯಿತು. ಆದರೂ ಫಕ್ಕೀರೇಶನಿಗೆ ಹಾಯೆನಿಸಿತು. ಇನ್ನೊಂದು ಚಹಾ ಹೇಳಿ ಕುಡಿದ.

ಮನೆಗೆ ಬಂದಾಗ ಜಯಶ್ರೀ ಬಾಗಿಲಲ್ಲೇ ಇದ್ದಳು. ತಲೆಯಲ್ಲಿ ಹೂವಿತ್ತು. ಅವನ ಹಿಂದೆ ಯಾರೂ ಇಲ್ಲದ್ದನ್ನು ಕಂಡು, ಮಾಸ್ತರ ಎಲ್ಲಿ ಎಂದು ಕೇಳಿದಳು. ಮನೆ ಬೇಡ ಅಂದರು ಎಂದ ಫಕ್ಕೀರೇಶ, ಆದಷ್ಟು ಬೇಜಾರಿನ ಮುಖ ಮಾಡಿಕೊಂಡು.

ಅವಳು ಸಿಟ್ಟಾಗುತ್ತಾಳೆ, ಇಲ್ಲವೆ ಸಪ್ಪಗಾಗುತ್ತಾಳೆ ಎಂದು ಅವನು ಎಣಿಸಿದ್ದ. ಎರಡಕ್ಕೂ ಉತ್ತರ ತಯಾರಿತ್ತು. ಆದರೆ ಅವಳ ಮುಖ ಕೆಂಪೇರಿತು. ಅದು ಅವಮಾನ ಎಂದು ತಿಳಿಯಲು ಅವನಿಗೆ ಕೊಂಚ ಹೊತ್ತು ಹಿಡಿಯಿತು.

"ನನ್ನ ನೋಡಿ ಬ್ಯಾಡ ಅಂದ್ರೇನು?" ಎಂದಳು.

ಮಾಸ್ತರನಿಗೆ ನೀನು ನೆನಪೇ ಇಲ್ಲ ಎನ್ನಬಹುದಿತ್ತು. ಕೆಡಿಸಿದವನು ನಾನೇ ಎನ್ನಬಹುದಿತ್ತು. ದಿನವಿಡೀ ಮಾತಿನಲ್ಲೇ ಮನೆ ಕಟ್ಟಿ ಮಾರುವ ಫಕ್ಕೀರೇಶನ ಬಾಯಿಂದ ಎರಡೂ ಹೊರಡಲಿಲ್ಲ.

"ನಿಂದೇನೈತಿ ಅದರಾಗ? ನಳದ ನೀರಿಂದು ತ್ರಾಸ ಐತಿ ಅಂದ್ರು."

ಜಯಶ್ರೀ ಒಳಗೆ ತಿರುಗಿದಳು. ಹೋಗುತ್ತ, ಅವನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ:

"ಆವಾಗೂ ಹಿಂಗ. ಜಾತಕದ ಸಾಲಾವಳಿ ಕೂಡಲಿಲ್ಲ ಅಂತ ಹೇಳಿ ಕಳಿಸಿದ್ರು."