ಪರಕೀಯ ಪರಾಗ

ಮಹಡಿಯ ಮೇಲಿಂದ ಮೇಷ್ಟ್ರು ಮಗಳನ್ನು ಕೂಗಿದ ಜೋರಿಗೆ ಎದುರು ಮನೆಯ ಕಿಟಕಿಯೂ ತೆರೆದುಕೊಂಡಿತು. ಮಗಳು ಒಲೆ ಆರಿಸಿ ಓಡಿಬಂದಳು. ಕುಂಡದ ದಾಸವಾಳ ಮೊದಲ ಹೂ ಬಿಟ್ಟಿತ್ತು. ಅಂಗೈಗಿಂತ ದೊಡ್ಡದು, ಕಡುಗೆಂಪು, ದಳದ ಅಂಚಿಗೆ ತೆಳ್ಳಗೆ ಹಳದಿ ಗೆರೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಒಂದೇ ಹಟ, ಶುದ್ಧ ತಳಿಯ ದಾಸವಾಳ. ಮೊಗ್ಗಿಗೇ ಕಾಗದದ ಚೀಲ ತೊಡಿಸುವುದು, ಅರಳಿದ ಮೇಲೆ ಅದೇ ಹೂವಿನ ಪರಾಗವನ್ನು ಅದರದೇ ಶಲಾಕೆಯ ತುದಿಗೆ ಕುಂಚದಿಂದ ಸವರಿ ಮತ್ತೆ ಚೀಲ ಕಟ್ಟುವುದು. ಬೇರೆ ಗಿಡದ ಗಾಳಿಯೂ ಸೋಕಬಾರದು. ಹೀಗೆ ಪೀಳಿಗೆಯಿಂದ ಪೀಳಿಗೆಗೆ ಗಿಡಗಳು ಶುದ್ಧವಾಗುತ್ತ ಹೋದವು, ಬಡಕಲೂ ಆಗುತ್ತ ಹೋದವು. ಪರಕೀಯ ಪರಾಗಸ್ಪರ್ಶದಿಂದಲೇ ಬೀಜ ಗಟ್ಟಿ ಎಂದು ವರ್ಷಗಟ್ಟಲೆ ಪಾಠ ಹೇಳಿದವರೂ ಇವರೇ. ಪುರಾಣ ಹೇಳೋದಕ್ಕೆ, ಬದನೇಕಾಯಿ ತಿನ್ನೋದಕ್ಕೆ.

ಎದುರು ಮನೆಯ ಗಡಿಯಾರ ರಿಪೇರಿಯವನನ್ನು ಮದುವೆಯಾಗುತ್ತೇನೆಂದು ಮಗಳು ಹೇಳಿದಾಗಲೂ ಅವರ ಬಾಯಿಗೆ ಬಂದದ್ದು ಪಾಠದ ಪದವೇ. ಹುಡುಗ ಒಳ್ಳೆಯವನು, ದುಡಿಯುತ್ತಾನೆ, ಎಲ್ಲ ಸರಿ, ಆದರೆ ಪರಕೀಯ. ಆಮೇಲೆ ಬಂದ ಸಂಬಂಧಗಳನ್ನೆಲ್ಲ ಅವಳು ಒಲ್ಲೆ ಅಂದಳು. ಇವರು ಅವನನ್ನು ಒಲ್ಲೆ ಅಂದರು. ಅಪ್ಪ ಮಗಳ ನಡುವೆ ಊಟಕ್ಕೆ ಕರೆಯುವಷ್ಟು ಮಾತು ಉಳಿದಿತ್ತು, ಅಷ್ಟೇ.

ಇವತ್ತು ಮೇಷ್ಟ್ರಿಗೆ ಅದೆಲ್ಲ ಮರೆತೇ ಹೋಯಿತು.

"ನೋಡಿದ್ಯಾ? ನಮ್ಮದನ್ನ ನಮ್ಮಲ್ಲೇ ಇಟ್ಕೊಂಡ್ರೆ ಹೀಗಿರುತ್ತೆ. ಈ ಗಿಡದ ಮುತ್ತಜ್ಜನ ಗುಣ ಈಗ ಹೊರಗೆ ಬಂದಿದೆ. ಪ್ರದರ್ಶನಕ್ಕೆ ಇಡ್ತೀನಿ. ಈ ತಳಿಗೆ ನಿನ್ನ ಹೆಸರೇ."

ಮಗಳು ಹಿಗ್ಗಲಿಲ್ಲ. ಹೂವಿನ ಹಳದಿ ಅಂಚನ್ನು ಬೆರಳಿನಿಂದ ಮುಟ್ಟಿದಳು. ಈ ಹುಡುಗಿಗೆ ಖುಷಿಪಡೋದೂ ಮರೆತಿದೆ ಎಂದು ಮೇಷ್ಟ್ರಿಗೆ ಬೇಸರವಾಯಿತು.

"ಹೆಸರಿಡೋಕೆ ಮುಂಚೆ ಒಂದು ಮಾತು ಅಪ್ಪಾ," ಅಂದಳು. "ನೀವು ಅವರನ್ನ ಬೇಡ ಅಂದ್ರಲ್ಲ, ಮಾರನೇ ಬೆಳಿಗ್ಗೆ ನೀವು ಏಳೋ ಮೊದಲೇ ನಾನು ಒಂದು ಚೀಲ ಬಿಚ್ಚಿದೆ. ಅವರ ಮನೆ ಹಳದಿ ಹೂವಿನ ಪರಾಗ ಹಚ್ಚಿ ಹಾಗೇ ಕಟ್ಟಿಟ್ಟೆ. ಆಮೇಲೆ ನೀವು ಕುಂಚ ಆಡಿಸಿದ್ರಿ. ಅಷ್ಟೊತ್ತಿಗೆ ಆ ಪರಾಗ ಒಳಗೆ ತಲುಪಿತ್ತು. ಇದು ಆ ಬೀಜದ ಗಿಡ."

ಮೇಷ್ಟ್ರ ಕೈ ಜೇಬಿನ ಕತ್ತರಿಗೆ ಹೋಯಿತು. ಕತ್ತರಿ ಹೂವಿನ ತೊಟ್ಟಿನವರೆಗೂ ಬಂತು. ಸುತ್ತ ಚೀಲ ಹೊದ್ದು ನಿಂತ ಬಡಕಲು ಗಿಡಗಳನ್ನೊಮ್ಮೆ ನೋಡಿದರು, ಈ ಹೂವನ್ನೊಮ್ಮೆ ನೋಡಿದರು. ಕತ್ತರಿ ಮುಚ್ಚಿ ಜೇಬಿಗಿಟ್ಟುಕೊಂಡು, ಬೋರಲು ಹಾಕಿದ್ದ ಕುಂಡದ ಮೇಲೆ ಕುಳಿತರು. ಎದುರು ಮನೆಯ ಗೋಡೆಯಾಚೆ ಹಳದಿ ಹೂಗಳು ಯಾವ ಚೀಲವೂ ಇಲ್ಲದೆ ಗಾಳಿಗೆ ಅಲ್ಲಾಡುತ್ತಿದ್ದವು.

ಮೇಷ್ಟ್ರು ಆ ಹೂಗಳತ್ತ ಬೆರಳು ತೋರಿಸಿದರು.

"ಅವರದ್ದು... ಯಾವ ಜಾತಿ?"

"ದಾಸವಾಳ ಅಪ್ಪಾ," ಅಂದಳು ಮಗಳು. "ನಮ್ಮದೂ ಅದೇ ಜಾತಿ."